ಅಣ್ಣಿಗೇರಿ ಹತ್ರ ಸಿಕ್ಕ ಆ ಅಣ್ಣಾಗ

ಮೊನ್ನೆ ಹುಬ್ಬಳ್ಳಿಯಿಂದ ಗದಗಿಗೆ ಹೊಂಟಾಗ ಅಣ್ಣಿಗೇರಿ ಹತ್ರ ಬೈಕ್ ಬಂದ್ ಬಿತ್ತು, ಬಿಸಿ ಇಂಜಿನ್ನಿಗೇ ಹೊಸಾ ಸ್ಪಾರ್ಕ್ ಪ್ಲಗ್ ಇಟ್ಟು ಪಾನಾ ಹಚ್ಚಾಕ ಹೊಂಟಿದ್ದೆ, ಅಷ್ಟರಾಗ ನೀವು ಚಾದಂಗಡಿಯಿಂದ ಎದ್ದು ಬಂದು "ಏ ತಮ್ಮಾ ನಿಲ್ಲೋ, ಇಂಜಿನ್ ಹೆಡ್ ಅಲ್ಯೂಮಿನಿಯಂ ಐತಿ, ಪ್ಲಗ್ ಉಕ್ಕಿಂದು, ಸೊಟ್ಟ ಹೋತಂದ್ರ ಥ್ರೆಡ್ಡೇ ಮುಗೀತು" ಅಂತ ಕೈ ಹಿಡದ್ರಿ. ಇಂಜಿನ್ ಆರೂತನಕ ಚಾ ಕುಡಿಸಿದ್ರಿ, ಆಮ್ಯಾಲೆ ಪೆಟ್ರೋಲ್ ಪೈಪಿನ ತುಂಡಿಗೆ ಪ್ಲಗ್ ಸಿಗಿಸಿ ಬರೇ ಬೆರಳಾಗ ತಿರುವಿದ್ರಿ, ಮೊದಲನೇ ಸಲ ಸೊಟ್ಟ ಹತ್ತಿದಾಗ ರಬ್ಬರೇ ಜಾರಿತು, ಥ್ರೆಡ್ಡಿಗೆ ಏನೂ ಆಗಲಿಲ್ಲ. ವಾಶರ್ ಕುಂತ ಮ್ಯಾಲೆ ಪಾನಾದಿಂದ ಅರ್ಧ ಸುತ್ತು, ಅಷ್ಟ! ನಾನಾಗಿದ್ರ ಜೋತು ಬಿದ್ದು ಬಿಗೀತಿದ್ದೆ, ಖರೇನ. ರೊಕ್ಕ ಕೊಟ್ರ ತಗೊಳ್ಳಿಲ್ಲ, ಹೆಸರು ಕೇಳೂದ್ರಾಗ ಬಸ್ ಹತ್ತಿಬಿಟ್ರಿ. ಭಾಳ ಥ್ಯಾಂಕ್ಸ್ ರೀ ಅಣ್ಣಾ, ಆ ಪೈಪಿನ ತುಂಡು ಇನ್ನೂ ನನ್ನ ಕಡೇನ ಐತಿ.