ಹಾಲೂಡಿಸುತ್ತಿರುವ ನಾಯಿಗೆ ಬೇರೆ ಆಹಾರ ಕಳುಹಿಸಿದ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಸಹಾಯವಾಣಿಗೆ ಏಳು ಬಾರಿ ಕರೆ ಮಾಡಿ, ಪ್ರತಿ ಸಲವೂ ಹೊಸಬರಿಗೆ ಮೊದಲಿನಿಂದ ಹೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯ ಮುಧೋಳ ತಳಿಯ ಗೌರಿ ಈ ತಿಂಗಳ 3ರಂದು ಆರು ಮರಿ ಹಾಕಿದಳು. ವೈದ್ಯರ ಸಲಹೆಯಂತೆ ಬಸುರಿನ ಕೊನೆಯ ಮೂರು ವಾರಗಳಿಂದ ಅವಳಿಗೆ ನಿಮ್ಮಿಂದಲೇ ತರಿಸಿದ ಮರಿಗಳ ಆಹಾರವನ್ನು ಕೊಡುತ್ತಿದ್ದೆವು. 12ರಂದು ಬಂದ ಚೀಲದ ಬಣ್ಣ ಅದೇ, ಬಿಲ್ಲಿನಲ್ಲಿದ್ದ ಹೆಸರೂ ಅದೇ. ಒಳಗಿದ್ದದ್ದು ಮಾತ್ರ ಬೆಳೆದ ನಾಯಿಗಳ ಆಹಾರ. ಮಾವನವರು ಎಂದಿನಂತೆ ಅದನ್ನು ಡಬ್ಬಕ್ಕೆ ಸುರಿದರು, ಗೌರಿ ಎರಡು ಹೊತ್ತು ತಿಂದಳು, ಅಂದೇ ರಾತ್ರಿ ಭೇದಿ ಶುರುವಾಯಿತು. ಗ್ರಾಹಕರನ್ನು ಕೇಳದೆ ಬದಲಿ ವಸ್ತು ಕಳುಹಿಸುವುದಿಲ್ಲ ಎಂಬುದು ನಿಮ್ಮದೇ ನಿಯಮ. ಅದನ್ನು ನಾನು ನಿಮಗೆ ನೆನಪಿಸಬೇಕಾಗಿ ಬಂದಿದೆ.

13ರ ರಾತ್ರಿಯ ಕರೆಯನ್ನು ನಾನು ಮರೆಯಲಾರೆ. "ಹೆತ್ತ ನಾಯಿಗೆ ಭೇದಿ ಆಗೋದು ಸಹಜ ಮೇಡಂ, ಮಾಸು ತಿಂದಿರುತ್ತೆ" ಎಂದರು ನಿಮ್ಮ ಸಿಬ್ಬಂದಿ. ಮಾಸು ತಿಂದದ್ದು 3ರಂದು, ಆಗ ಎರಡು ದಿನ ಕಪ್ಪಗೆ ತೆಳ್ಳಗೆ ಹೋಗಿ ತಾನಾಗಿಯೇ ಗಟ್ಟಿಯಾಗಿತ್ತು, ಇದು ಹತ್ತನೆಯ ದಿನದ ಮಾತು ಎಂದೆ. ಮಲದ ಫೋಟೋ ಕಳುಹಿಸಿ ಎಂದರು. ಮಳೆಯಲ್ಲಿ ಹಿತ್ತಲಿಗೆ ಹೋಗಿ ತೆಗೆದು ಕಳುಹಿಸಿದೆ. ಸ್ಪಷ್ಟವಾಗಿಲ್ಲ, ಇನ್ನೊಂದು ಕಳುಹಿಸಿ ಎಂದರು. ಅದಾದ ಮೇಲೆ, ಬಿಲ್ಲು ಕೂಡ ಅದೇ ಫೋಟೋದಲ್ಲಿ ಕಾಣಬೇಕು ಎಂದರು. ಎಂಬತ್ತು ವರ್ಷದ ಮಾವನವರು ಛತ್ರಿ, ಟಾರ್ಚು ಹಿಡಿದು ನಿಂತರು. ರಕ್ತದ ಎಳೆ ಬೆರೆತ ಲೋಳೆಯ ಪಕ್ಕದಲ್ಲಿ ನಾನು ಬಿಲ್ಲು ಹಿಡಿದು ಕುಳಿತೆ. ಮೂರನೆಯ ಫೋಟೋ ತಲುಪಿದಾಗ ಆ ಕಡೆ "ನೋಡ್ರೋ ಇಲ್ಲಿ" ಎಂಬ ಮಾತು, ನಾಲ್ಕೈದು ಜನರ ನಗು ಕೇಳಿಸಿತು. ಕೊನೆಗೆ ಸಿಕ್ಕ ಸಲಹೆ: "ಎರಡು ದಿನ ಊಟ ಹಾಕಬೇಡಿ, ನಾಯಿ ತಾನೇ, ಸರಿಹೋಗುತ್ತೆ."

ಆರು ಮರಿಗಳಿಗೆ ಹಾಲೂಡಿಸುವ ತಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಅವಳನ್ನು ಉಪವಾಸ ಕೆಡವಿ ಎಂದು ಸಾಕುಪ್ರಾಣಿಗಳ ಹೆಸರಿನಲ್ಲಿ ವ್ಯಾಪಾರ ಮಾಡುವ ಸಂಸ್ಥೆಯೊಂದು ಹೇಳಬಹುದೇ? ಬೆಳಗಾಗುವಷ್ಟರಲ್ಲಿ ಅವಳ ಒಸಡು ಒಣಗಿತ್ತು, ಕತ್ತಿನ ಚರ್ಮ ಹಿಡಿದೆತ್ತಿದರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ಬತ್ತಿದ ಮೊಲೆಗಳನ್ನು ಚೀಪಿ ಚೀಪಿ ಮರಿಗಳು ಕುಂಯ್‌ಗುಟ್ಟುತ್ತಿದ್ದವು. ಜ್ವರವಿಲ್ಲ, ಸ್ರಾವದಲ್ಲಿ ದುರ್ವಾಸನೆಯಿಲ್ಲ, ಗರ್ಭಕೋಶದ ಸೋಂಕಲ್ಲ, ಆಹಾರ ಒಮ್ಮೆಲೇ ಬದಲಾದದ್ದರಿಂದ ಕರುಳು ಕೆಟ್ಟಿದೆ ಎಂದು ಪಶುವೈದ್ಯರು ಬರೆದುಕೊಟ್ಟಿದ್ದಾರೆ. ಎರಡು ದಿನ ಡ್ರಿಪ್ ಹಾಕಿಸಿದೆವು. ಹಗಲೂ ರಾತ್ರಿ ಮೂರು ಗಂಟೆಗೊಮ್ಮೆ ಮರಿಗಳಿಗೆ ಬಾಟಲಿ ಹಾಲು ಕುಡಿಸಿದೆ. ಎಲ್ಲಕ್ಕಿಂತ ಸಣ್ಣ ಮರಿಯ ತೂಕ ಮೂರು ದಿನ ಏರಲೇ ಇಲ್ಲ.

ಚಿಕಿತ್ಸೆಯ ಪೂರ್ತಿ ವೆಚ್ಚ, ಚೀಲದ ಹಣ ಮತ್ತು ಮಾವನವರ ಹೆಸರಿಗೆ ಲಿಖಿತ ಕ್ಷಮಾಪಣೆ 15 ದಿನಗಳೊಳಗೆ ಬರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ದೂರು ಕೊಡಲು ಕಾಯ್ದೆಯಲ್ಲಿ ಎರಡು ವರ್ಷ ಕಾಲಾವಕಾಶವಿದೆ. ನಾನು ಹದಿನಾರನೆಯ ದಿನವೇ ಹೋಗುತ್ತೇನೆ. ಉಳಿದ ಆಹಾರ, ಚೀಲ, ಬಿಲ್ಲು, ಮೂರೂ ಫೋಟೋಗಳು ನನ್ನ ಬಳಿ ಇವೆ. ಕರೆಗಳನ್ನು ಧ್ವನಿಮುದ್ರಿಸುತ್ತೇವೆ ಎಂದು ಪ್ರತಿ ಸಲವೂ ನೀವೇ ಹೇಳುತ್ತೀರಿ. 13ರ ರಾತ್ರಿಯ ಮುದ್ರಣವನ್ನು, ಆ ನಗು ಸಮೇತ, ಆಯೋಗದ ಮುಂದೆ ಹಾಜರುಪಡಿಸುವಂತೆ ಕೇಳಲಿದ್ದೇನೆ.

ಇಂತಿ,
ನೊಂದ ಗ್ರಾಹಕಿ, ಧಾರವಾಡ