ಮೋಡೆಮ್ ಪಕ್ಕ ಒಂದೇ ಫೋನ್ ಅಲ್ಲ, ಇನ್ನು ಎಲ್ಲ ಕೋಣೆಗಳಲ್ಲೂ

ನಮಸ್ಕಾರ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಎಲ್ಲ ಗ್ರಾಹಕರಿಗೆ ಈ ಪತ್ರ.

ಫೈಬರ್ ಬಂದ ಮನೆಗಳಲ್ಲಿ ಇದುವರೆಗೆ ಫೋನನ್ನು ಮೋಡೆಮ್ ಪಕ್ಕದಲ್ಲೇ ಜೋಡಿಸಿ ಬರುತ್ತಿದ್ದೆವು. ಮೋಡೆಮ್ ಇರುವುದು ಹಾಲ್‌ನಲ್ಲಿ ಟಿವಿ ಹಿಂದೆ, ಅಜ್ಜಿ ಇರುವುದು ಒಳಗಿನ ಕೋಣೆಯಲ್ಲಿ. ಅವರು ಮಂಡಿ ಹಿಡಿದುಕೊಂಡು ಎದ್ದು ಬರುವಷ್ಟರಲ್ಲಿ ಧಾರವಾಡದ ತಂಗಿ ಮಾಡಿದ ಕಾಲ್ ಕಟ್ ಆಗಿರುತ್ತದೆ. ಮುಂದಿನ ತಿಂಗಳಿಂದ, ಬೇಕು ಎಂದವರ ಮನೆಯಲ್ಲಿ ಗೋಡೆಯೊಳಗಿರುವ ಹಳೇ ಟೆಲಿಫೋನ್ ವೈರನ್ನೇ ಬಳಸಿ ಎಲ್ಲ ಕೋಣೆಗಳಿಗೂ ಇಂಟರ್ನೆಟ್ ಫೋನ್ ಕೊಡುತ್ತೇವೆ. ಗೋಡೆ ಕೊರೆಯುವುದಿಲ್ಲ.

ಮೋಡೆಮ್‌ನ ಫೋನ್ ಪೋರ್ಟ್‌ನಿಂದ ಹತ್ತಿರದ ಗೋಡೆ ಸಾಕೆಟ್‌ಗೆ ಒಂದು ವೈರ್ ಕೊಟ್ಟರೆ, ಅದರ ಜೊತೆ ಪ್ಯಾರಲಲ್ ಆಗಿರುವ, ಅಂದರೆ ಅದೇ ಎರಡು ತಂತಿಗೆ ಸೇರಿಸಿರುವ ಉಳಿದ ಸಾಕೆಟ್‌ಗಳಲ್ಲೂ ಡಯಲ್ ಟೋನ್ ಬರುತ್ತದೆ. ಇಷ್ಟೇ ಅಲ್ವಾ, ನಾವೇ ಮಾಡ್ಕೋತೀವಿ ಅಂತ ದಯವಿಟ್ಟು ಕೈ ಹಾಕಬೇಡಿ. ಮೊದಲು ಹೊರಗಿಂದ ಬರುವ ತಾಮ್ರದ ಲೈನನ್ನು ಬಿಚ್ಚಲೇಬೇಕು. ಎಕ್ಸ್‌ಚೇಂಜ್‌ನಿಂದ ಅದರಲ್ಲಿ ಸುಮಾರು 48 ವೋಲ್ಟ್ ಬರುತ್ತದೆ, ರಿಂಗ್ ಆಗುವಾಗ ಇನ್ನೂ ಜಾಸ್ತಿ, ಮತ್ತು ಕನೆಕ್ಷನ್ ಬಂದ್ ಮಾಡಿಸಿ ಎಷ್ಟು ದಿನವಾಗಿದ್ದರೂ ಮೀಟರ್ ಹಿಡಿದು ನೋಡದೆ ಲೈನ್ ಸತ್ತಿದೆ ಎಂದು ನಂಬುವ ಹಾಗಿಲ್ಲ. ಆ ಹಳೇ ಲೈನೂ ಮೋಡೆಮ್ ವೈರೂ ಸೇರಿದರೆ ಮೋಡೆಮ್ ಪೋರ್ಟ್ ಸುಟ್ಟುಹೋಗಬಹುದು. ಸೊಸೈಟಿಯ ಇಂಟರ್‌ಕಾಮ್ ವೈರ್ ಕೂಡ ನೋಡಲು ಥೇಟ್ ಹೀಗೇ ಇರುತ್ತದೆ, ಅದನ್ನೂ ಇದಕ್ಕೆ ಸೇರಿಸಬಾರದು.

ಹಾಗಾಗಿ ಮೊದಲ ಸಲ ಬಂದಾಗ ಬರೀ ಚೆಕಿಂಗ್. ಇದಕ್ಕೆ ದುಡ್ಡಿಲ್ಲ. ಒಂದೊಂದೇ ಸಾಕೆಟ್ ಬಿಚ್ಚಿ ನೋಡುತ್ತೇವೆ. ನಮ್ಮ ಕಡೆಯ ಮಳೆಗೆ ಗೋಡೆ ತೇವ ಎಳೆದು ಸ್ಕ್ರೂ ಸುತ್ತ ಹಸಿರು ಕಿಲುಬು ಕಟ್ಟಿರುತ್ತದೆ. ಎರಡು ತಂತಿಗಳ ನಡುವೆ ಆ ತೇವದಿಂದ ಕರೆಂಟ್ ಸೋರಿದರೆ ಯಾರೋ ರಿಸೀವರ್ ಎತ್ತಿದ್ದಾರೆ ಎಂದು ಮೋಡೆಮ್ ತಿಳಿಯುತ್ತದೆ, ಆಮೇಲೆ ಲೈನ್ ಯಾವಾಗಲೂ ಎಂಗೇಜ್. ಅಂಥ ಸಾಕೆಟ್ ಬದಲಿಸಲು ಮಾತ್ರ ಖರ್ಚು, ಅದನ್ನೂ ನಿಮಗೆ ಮೊದಲೇ ಹೇಳುತ್ತೇವೆ. ವೈರೇ ಕೆಟ್ಟಿದ್ದರೆ ಸುಮ್ನೆ ಅದರ ಮೇಲೆ ದುಡ್ಡು ಸುರಿಯಬೇಡಿ, ಎರಡು ಮೂರು ಹ್ಯಾಂಡ್‌ಸೆಟ್ ಇರುವ ಕಾರ್ಡ್‌ಲೆಸ್ ತಗೊಳ್ಳಿ.

ಗಂಟೆ ಹೊಡೆಯುವ ಹಳೇ ಫೋನ್‌ಗಳು ಜಾಸ್ತಿ ಇದ್ದರೆ ಎಲ್ಲವನ್ನೂ ಬಾರಿಸುವ ಶಕ್ತಿ ಆ ಪುಟ್ಟ ಪೋರ್ಟ್‌ಗೆ ಇರುವುದಿಲ್ಲ. ಬೆರಳು ಹಾಕಿ ತಿರುಗಿಸುವ ಡಯಲ್ ಫೋನ್‌ನಲ್ಲಿ ಕಾಲ್ ಬರುತ್ತದೆ, ಹೊರಗೆ ಮಾಡುವುದು ಬಹಳಷ್ಟು ಮೋಡೆಮ್‌ಗಳಲ್ಲಿ ಆಗುವುದಿಲ್ಲ.

ಒಂದು ಮಾತು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಹಳೇ ಲ್ಯಾಂಡ್‌ಲೈನ್‌ಗೆ ಕರೆಂಟ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು, ಲೈಟ್ ಹೋದರೂ ಫೋನ್ ನಡೆಯುತ್ತಿತ್ತು. ಇದು ಹಾಗಲ್ಲ. ಮೋಡೆಮ್ ಆರಿದರೆ ಎಲ್ಲ ಕೋಣೆಯ ಫೋನೂ ಬಂದ್. ವಯಸ್ಸಾದವರಿರುವ ಮನೆಯಲ್ಲಿ ಮೋಡೆಮ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಲೇಬೇಕು. ಆದರೂ ಫೈಬರ್ ಕಡಿದರೆ ಯುಪಿಎಸ್ ಏನೂ ಮಾಡಲಾರದು, ತುರ್ತು ನಂಬರ್ 112ಕ್ಕೆ ಕಾಲ್ ಮಾಡಲು ಚಾರ್ಜ್ ಆಗಿರುವ ಮೊಬೈಲ್ ಒಂದು ಕೈಗೆ ಸಿಗುವ ಹಾಗಿರಲಿ.

ಬೇಕಾದವರು ಹಳೇ ವೈರ್ ಮನೆಯೊಳಗೆ ಬರುವ ಡಬ್ಬಿಯ ಫೋಟೋ ತೆಗೆದು ನಮ್ಮ ವಾಟ್ಸಾಪ್‌ಗೆ ಕಳಿಸಿ. ಅದು ಎಷ್ಟೋ ಸಲ ಬಾಗಿಲ ಮೇಲೆ, ಇಲ್ಲವೇ ಶೂ ರ‍್ಯಾಕ್ ಹಿಂದೆ ಇರುತ್ತದೆ.