ಭಕ್ತಿಯ ಬೇರು ಭಯದಲ್ಲಿಲ್ಲ

ಮಾನ್ಯರೇ,

‘ಭಕ್ತಿ’ ಎಂಬ ಪದ ‘ಭಯ’ದಿಂದ ಹುಟ್ಟಿತು ಎಂಬ ಮಾತು ಪ್ರವಚನಗಳಲ್ಲೂ ವಾಟ್ಸ್‌ಆ್ಯಪ್ ಸಂದೇಶಗಳಲ್ಲೂ ಓಡಾಡುತ್ತಿತ್ತು. ಈಗ ನಿಮ್ಮ ಭಾನುವಾರದ ಪುರವಣಿಯಲ್ಲೂ ಅಚ್ಚಾಗಿದೆ. ನಾವು ‘ಭಯಭಕ್ತಿ’ ಎಂದು ಜೋಡಿಸಿ ಆಡುವುದರಿಂದ ಲೇಖಕರಿಗೆ ಹಾಗನ್ನಿಸಿರಬಹುದು. ಆದರೆ ಭಯ ಬಂದದ್ದು ‘ಭೀ’ ಧಾತುವಿನಿಂದ, ಭಕ್ತಿ ಬಂದದ್ದು ‘ಭಜ್’ ಧಾತುವಿನಿಂದ. ಯುಜ್ ಯುಕ್ತಿಯಾದ ಹಾಗೆ, ಭುಜ್ ಭುಕ್ತಿಯಾದ ಹಾಗೆ ಭಜ್ ಭಕ್ತಿಯಾಯಿತು.

ಭಜ್ ಎಂದರೆ ಹಂಚು, ಪಾಲು ಪಡೆ, ಪಾಲ್ಗೊಳ್ಳು. ಅಲ್ಲಿಂದ ಮುಂದಕ್ಕೆ ಸೇವಿಸು, ಒಲಿ. ಇದರ ಸಂಸಾರ ನಮ್ಮ ನಿತ್ಯದ ಮಾತಿನಲ್ಲೇ ಇದೆ. ಭಾಗ, ವಿಭಾಗ, ಅವಿಭಕ್ತ ಕುಟುಂಬ, ವ್ಯಾಕರಣದ ವಿಭಕ್ತಿ, ಶಾಲೆಯ ಭಾಗಾಕಾರದ ಭಾಜ್ಯ–ಭಾಜಕ ಎಲ್ಲವೂ ಒಂದೇ ಬೇರಿನವು. ಋಗ್ವೇದದ ಭಗ ಪಾಲು ಹಂಚುವ ದೇವತೆ. ಭಗವಂತನೂ ಆ ಮನೆಯವನೇ. ಸಂಸ್ಕೃತದ ‘ಭಕ್ತ’ಕ್ಕೆ ಬೇಯಿಸಿದ ಅನ್ನ ಎಂಬ ಅರ್ಥವೂ ಉಂಟು. ಅದೇ ಪ್ರಾಕೃತದ ಭತ್ತವಾಗಿ, ಮರಾಠಿಯ ಭಾತ್ ಆಗಿ, ನಮ್ಮ ಹೋಟೆಲುಗಳಿಗೆ ವಾಂಗೀಬಾತ್ ಆಗಿ ಬಂತು.

ನಿಜವಾದ ಸ್ವಾರಸ್ಯ ಇರುವುದು ಸಂಸ್ಕೃತ ವ್ಯಾಕರಣಕಾರ ಪಾಣಿನಿಯಲ್ಲಿ. ಅವನ ವ್ಯಾಕರಣಗ್ರಂಥ ಅಷ್ಟಾಧ್ಯಾಯಿಯ 4ನೆಯ ಅಧ್ಯಾಯ, 3ನೆಯ ಪಾದದ 95ನೆಯ ಸೂತ್ರವೇ ‘ಭಕ್ತಿಃ’. ಒಬ್ಬನಿಗೆ ಯಾವುದರ ಮೇಲೆ ಒಲವೋ ಅದರ ಹೆಸರಿನಿಂದಲೇ ಅವನನ್ನು ಕರೆಯುವ ಪದ ಕಟ್ಟುವ ಬಗೆ ಅಲ್ಲಿಂದ ಶುರು. ವಾಸುದೇವನಲ್ಲಿ ಭಕ್ತಿಯಿದ್ದವನು ವಾಸುದೇವಕ. ಇದು 98ನೆಯ ಸೂತ್ರ. ಅದಕ್ಕೆ ಎರಡು ಸೂತ್ರ ಮುಂಚೆ ಬರುವುದು ಜಡವಸ್ತುಗಳ ಮೇಲಿನ ಭಕ್ತಿ. ಅಲ್ಲಿ ಪಾಣಿನಿಯ ಸೂತ್ರಗಳ ಹಳೆಯ ವ್ಯಾಖ್ಯಾನವಾದ ಕಾಶಿಕಾವೃತ್ತಿ ಕೊಡುವ ಉದಾಹರಣೆಗಳೆಲ್ಲ ತಿಂಡಿಯವು! ಅಪೂಪ, ಅಂದರೆ ಕಜ್ಜಾಯ, ಪ್ರಿಯನಾದವನು ಆಪೂಪಿಕ, ಪಾಯಸದವನು ಪಾಯಸಿಕ, ಶಷ್ಕುಲಿಯವನು ಶಾಷ್ಕುಲಿಕ. ಶಷ್ಕುಲಿ ಎಂದರೆ ನಮ್ಮ ಚಕ್ಕುಲಿ. ಚಕ್ಕುಲಿಗೆ ಹೆದರಿ ಯಾರೂ ಅದರ ಭಕ್ತರಾದದ್ದು ಕೇಳಿಲ್ಲ.

ಧಾತುವಿನ ಅರ್ಥಕ್ಕೇ ಪದ ಕಟ್ಟುಬಿದ್ದಿರಬೇಕೆಂದು ನನ್ನ ವಾದವಲ್ಲ. ಶರಣಾಗತಿ, ದಾಸ್ಯ, ವಿರಹ ಎಲ್ಲ ಆಮೇಲೆ ಬಂದು ಸೇರಿದವು. ಗುಡಿಯಲ್ಲಿ ಕೈಮುಗಿದು ನಿಂತವರ ಮನಸ್ಸಿನಲ್ಲಿ ಅಂಜಿಕೆಯೂ ಇರಬಹುದು, ಅದು ಅವರಿಗೆ ಬಿಟ್ಟದ್ದು. ಆದರೂ ಹಂಚಿ ಉಣ್ಣುವ ಹಳೆಯ ಅರ್ಥ ಕನ್ನಡದಲ್ಲಿ ಎಂದೂ ಬತ್ತಲಿಲ್ಲ. ಒಂದಗುಳು ಕಂಡರೂ ಬಳಗವನ್ನು ಕರೆಯುವ ಕಾಗೆಯನ್ನು ತೋರಿಸಿ, ‘ಭಕ್ತಿಪಕ್ಷ’ವಿಲ್ಲದ ಶಿವಭಕ್ತ ಅದಕ್ಕಿಂತಲೂ ಕಡೆ ಎಂದರು 12ನೆಯ ಶತಮಾನದ ಬಸವಣ್ಣನವರು. ಧಾತುಗಳ ಪಟ್ಟಿಯಾದ ಧಾತುಪಾಠ ನೋಡಿ ಹಾಗೆಂದರು ಅಂತ ನಾನೇನೂ ಹೇಳುತ್ತಿಲ್ಲ. ದಾಸೋಹ ನಡೆಸುವವರಿಗೆ ಅದರ ಅಗತ್ಯವೂ ಇರಲಿಲ್ಲ.

ಪದಮೂಲದ ಬಗ್ಗೆ ಬರೆಯುವವರು ಕಿಟೆಲ್ ನಿಘಂಟನ್ನೋ ಸಾಹಿತ್ಯ ಪರಿಷತ್ತಿನ ನಿಘಂಟನ್ನೋ ಒಮ್ಮೆ ತೆರೆದು ನೋಡುವಂತಾಗಲಿ. ಮುಂದಿನ ವಾರದ ಪುರವಣಿಯಲ್ಲಿ ತಿದ್ದುಪಡಿಯನ್ನೂ ಹಾಕಿ, ಪ್ರವಚನಕಾರರು ನಿಮ್ಮ ಪತ್ರಿಕೆಯನ್ನೇ ಆಧಾರವೆಂದು ಹೇಳಲು ಶುರುಮಾಡುವ ಮೊದಲು.

– ನಿವೃತ್ತ ಸಂಸ್ಕೃತ ಶಿಕ್ಷಕ, ಶಿರಸಿ